ಚುಕ್ಕಾಣಿಯ ಕೆಳಗಿನ ಕಾವಲಿ

ತನ್ನ ದೋಣಿಗೆ ಕಬ್ಬಿಣದ ಸಾಮಾನು ತರಬಾರದು ಎಂದು ಗೋಪಾಲಕೃಷ್ಣ ವಾಟ್ಸ್ಯಾಪಿನಲ್ಲಿ ಮೂರು ಸಲ ಬರೆದಿದ್ದ. ಯಾಕೆ ಎಂದು ಒಂದು ಸಲವೂ ಬರೆದಿರಲಿಲ್ಲ. ಆ ಮನುಷ್ಯನ ಜಾಯಮಾನವೇ ಅದು. ಅಪ್ಪಣೆ ಕೊಡುವುದು ಗೊತ್ತು, ಕಾರಣ ಹೇಳುವುದು ಗೊತ್ತಿಲ್ಲ. ತುಕ್ಕಿನ ಭಯವಿರಬೇಕು ಎಂದುಕೊಂಡಳು ಸರೋಜಾ. ದೋಣಿಯಲ್ಲಿ ಎಲ್ಲರಿಗೂ ದೋಸೆ ಹುಯ್ಯಬೇಕೆಂದಿದ್ದಳು, ಆದರೆ ನಾನ್‌ಸ್ಟಿಕ್ ಮೇಲೆ ಹುಯ್ದದ್ದನ್ನು ದೋಸೆ ಎನ್ನಲು ಅವಳ ಮನಸ್ಸು ಒಪ್ಪಲಿಲ್ಲ. ಇಪ್ಪತ್ತು ವರ್ಷ ಎಣ್ಣೆ ಕುಡಿದು ಮಿರಮಿರ ಮಿನುಗುತ್ತಿದ್ದ ತನ್ನ ಕಾವಲಿಯನ್ನು ಟವೆಲಿನಲ್ಲಿ ಸುತ್ತಿ ಆಸ್ಟಿನ್ ಪಕ್ಕದ ಜಾರ್ಜ್‌ಟೌನಿನಿಂದ ಹ್ಯೂಸ್ಟನ್ನಿಗೆ ತಂದಳು. ದೋಣಿ ಹತ್ತಿದವಳೇ, ಯಾರೂ ನೋಡದ ಹೊತ್ತಿನಲ್ಲಿ, ಚುಕ್ಕಾಣಿ ಚಕ್ರದ ಬುಡದಲ್ಲಿದ್ದ ಗೂಡಿಗೆ ತಳ್ಳಿಬಿಟ್ಟಳು.

ಈ ವಿಹಾರ ಅವಳಿಗೆ ಬೇಕಿದ್ದದ್ದು ಗಂಡನಿಗಾಗಿ. ಜಯಂತನ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಮನೆಯಲ್ಲಿ ಅವನ ಮಾತು ಹೂಂ, ಉಹೂಂಗಳಿಗೆ ಬಂದು ನಿಂತಿತ್ತು. ಹಳೆಯ ಗೆಳೆಯರ ಜೊತೆ ಒಂದು ದಿನ ಹಾಯಿದೋಣಿಯಲ್ಲಿ ಕಳೆದರೆ ತಲೆ ಎತ್ತಿಯಾನು ಎಂಬ ಆಸೆ. ಹ್ಯೂಸ್ಟನ್ ಪಕ್ಕದ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಬೆಳಗ್ಗೆ ಹಾಗೇ ಆಯಿತು ಕೂಡ. ಎಳೆ ಬಿಸಿಲು, ಸಣ್ಣ ಗಾಳಿ. ಡಾಲಸ್ ಕಡೆಯಿಂದ ಬಂದಿದ್ದ ರಘುನಂದನ ಕಾಲು ಚಾಚಿ ಪುರಿ ಮುಕ್ಕುತ್ತ ಎಲ್ಲರನ್ನೂ ರೇಗಿಸುತ್ತಿದ್ದ. ಗೋಪಾಲಕೃಷ್ಣ ಚಕ್ರವನ್ನು ಜಯಂತನಿಗೆ ಕೊಟ್ಟ. ಜಯಂತ ನಕ್ಕ. ಸರೋಜಾಳಿಗೆ ಅಷ್ಟು ಸಾಕಿತ್ತು.

ಮಧ್ಯಾಹ್ನ ಮಂಜು ಬಂತು. ನೋಡನೋಡುತ್ತಿದ್ದಂತೆ ದಡ ಮಾಯ, ಹಾಯಿಯ ತುದಿಯೂ ಮಾಯ. ಗಾಳಿ ಬಿದ್ದುಹೋಗಿ ಗೋಪಾಲಕೃಷ್ಣ ಎಂಜಿನ್ ಶುರು ಮಾಡಿದ. ದೋಣಿಯ ಮ್ಯಾಪ್ ಸ್ಕ್ರೀನ್ ಹೋದ ವಾರವೇ ಕೆಟ್ಟಿತ್ತು. ಮನೆ ಇರುವುದು ಪಶ್ಚಿಮಕ್ಕೆ, ಚಕ್ರದ ಮುಂದಿನ ದಿಕ್ಸೂಚಿಯಲ್ಲಿ ಇನ್ನೂರ ಎಪ್ಪತ್ತು ಡಿಗ್ರಿ ಹಿಡಿದು ಹೋದರೆ ಸಾಕು ಎಂದು, ಇನ್ನೂ ಚಕ್ರ ಹಿಡಿದಿದ್ದ ಜಯಂತನಿಗೆ ಹೇಳಿದ. ಉತ್ತರಕ್ಕೆ ಮಾತ್ರ ಹೋಗಬಾರದು. ಅಲ್ಲಿ ತೈಲದ ಹಡಗುಗಳು ಓಡಾಡುವ ಕಾಲುವೆ ಅಡ್ಡ ಬರುತ್ತದೆ, ಅವುಗಳಿಗೆ ಇಂಥ ದೋಣಿ ಕಣ್ಣಿಗೂ ಬೀಳುವುದಿಲ್ಲ.

ಸ್ವಲ್ಪ ಹೊತ್ತಿನಲ್ಲೇ ದೂರದಿಂದ ಹಡಗಿನ ಹಾರನ್ ಕೇಳಿತು. ಮತ್ತೆ ಕೇಳಿದಾಗ ಹತ್ತಿರವಿತ್ತು. ರಘುನಂದನ ಫೋನ್ ನೋಡಿ, ಅದರಲ್ಲಿ ನಾವು ಉತ್ತರಕ್ಕೆ ಹೋಗುತ್ತಿದ್ದೇವಲ್ಲ ಎಂದ. ಗೋಪಾಲಕೃಷ್ಣ ಜಯಂತನ ಮೇಲೆ ಹರಿಹಾಯ್ದ.

“ಒಂದು ನಂಬರ್ ನೋಡ್ಕೊಂಡು ನೆಟ್ಟಗೆ ಹಿಡಿಯೋಕಾಗಲ್ವೇನೋ ನಿಂಗೆ?”

ಜಯಂತ ಇನ್ನೂರ ಎಪ್ಪತ್ತನ್ನೇ ಹಿಡಿದಿದ್ದ. ಸರೋಜಾ ಅವನ ಭುಜದ ಹಿಂದೆಯೇ ನಿಂತು ನೋಡುತ್ತಿದ್ದಳು. ಆದರೆ ತಪ್ಪು ತನ್ನದೇ ಇರಬೇಕು ಎಂದು ಈ ಏಳು ತಿಂಗಳಲ್ಲಿ ಕಲಿತುಬಿಟ್ಟಿದ್ದ. ಮುಖ ಮತ್ತೆ ಸಪ್ಪಗಾಯಿತು.

ದಿಕ್ಸೂಚಿ ಸುಳ್ಳು ಹೇಳುತ್ತಿರಬಹುದಲ್ಲ ಎಂದು ರಘುನಂದನ ಕೇಳಿದ.

“ಪಕ್ಕದಲ್ಲಿ ಕಬ್ಬಿಣ ಇದ್ರೆ ಹೇಳುತ್ತೆ,” ಎಂದ ಗೋಪಾಲಕೃಷ್ಣ. “ಅದಕ್ಕೇ ಅಲ್ವಾ ತರಬೇಡಿ ಅಂತ ಬಡ್ಕೊಂಡಿದ್ದು.”

ಸರೋಜಾಳ ಕಣ್ಣು ಚಕ್ರದ ಬುಡದ ಗೂಡಿನ ಕಡೆ ಹೋಯಿತು. ಬಾಯಿ ಬಿಟ್ಟರೆ ಹ್ಯೂಸ್ಟನ್, ಡಾಲಸ್, ಆಸ್ಟಿನ್ ಮೂರೂ ಊರಿನ ಕನ್ನಡದವರು ವರ್ಷವಿಡೀ ಆಡಿಕೊಳ್ಳುವುದು ಖಂಡಿತ. ಹಾರನ್ ಮೂರನೆಯ ಸಲ ಮೊಳಗಿತು. ಈ ಸಲ ಕಾಲಡಿಯ ಹಲಗೆಯೇ ನಡುಗಿತು.

“ನನ್ನ ಕಾವಲಿ ಇದೆ,” ಎಂದಳು. “ಇಲ್ಲೇ, ಕೆಳಗೆ. ಇವ್ರದ್ದೇನೂ ತಪ್ಪಿಲ್ಲ.”

ಮೊಣಕಾಲೂರಿ ಗೂಡಿಗೆ ಕೈ ಹಾಕಿ ಎಳೆದಳು. ಕಾವಲಿಯನ್ನು ಅವುಚಿಕೊಂಡು ದೋಣಿಯ ಮುಂತುದಿಗೆ ಓಡುವಾಗ ಹಿಂದಿನಿಂದ ರಘುನಂದನ ಉಸಿರೆಳೆದುಕೊಂಡದ್ದು ಕೇಳಿಸಿತು. ದಿಕ್ಸೂಚಿ ಹೊರಳಿ, ದೋಣಿ ಹೋಗುತ್ತಿರುವುದು ಉತ್ತರಕ್ಕೆ ಎಂದು ತೋರಿಸುತ್ತಿತ್ತು. ಜಯಂತ ಯಾರ ಅಪ್ಪಣೆಗೂ ಕಾಯದೆ ಚಕ್ರವನ್ನು ಎಡಕ್ಕೆ ತಿರುಗಿಸಿದ. ಬಲಗಡೆ ಮಂಜು ಕಪ್ಪಾಯಿತು, ಕಪ್ಪು ಗೋಡೆಯಾಯಿತು; ಎತ್ತಲೂ ತುದಿ ಕಾಣದ ಗೋಡೆ ಸರಸರನೆ ಸರಿದುಹೋಯಿತು. ಅದರ ಅಲೆ ದೋಣಿಯನ್ನು ಎತ್ತಿ ಕುಕ್ಕಿತು. ಆಮೇಲೆ ಎಂಜಿನ್ನಿನ ಸದ್ದೊಂದೇ ಉಳಿಯಿತು.

ಗೋಪಾಲಕೃಷ್ಣ ಚಕ್ರ ತೆಗೆದುಕೊಳ್ಳಲು ಮುಂದೆ ಬಂದ.

“ಅವ್ರೇ ನಡೆಸ್ಲಿ ಬಿಡಿ,” ಎಂದಳು ಸರೋಜಾ ಮುಂತುದಿಯಿಂದ. “ನನ್ನನ್ನ ಎಷ್ಟು ಬೇಕಾದ್ರೂ ಬೈರಿ.”

ಅವನು ಬೈಯಲಿಲ್ಲ. ಕಾರಣ ಬರೆಯಬೇಕಿತ್ತು ಎಂದಷ್ಟೇ ಗೊಣಗಿ, ಜಯಂತನ ಪಕ್ಕದಲ್ಲಿ ಕುಳಿತುಕೊಂಡ.

ಕಾವಲಿಯನ್ನು ಸಮುದ್ರಕ್ಕೆ ಎಸೆದುಬಿಡಬೇಕು ಎನ್ನಿಸಿತು ಅವಳಿಗೆ. ಎಸೆಯಲಿಲ್ಲ. ಅಷ್ಟು ಭಾರದ್ದನ್ನು ತೊಡೆಯ ಮೇಲಿಟ್ಟುಕೊಂಡು, ಸೀರೆಯೆಲ್ಲ ಎಣ್ಣೆಮಸಿಯಾದರೂ ಕದಲದೆ, ಮುಂತುದಿಯಲ್ಲೇ ಕೂತಳು. ಹಿಂದೆ ಜಯಂತ ನಿಮಿಷಕ್ಕೊಮ್ಮೆ ದಿಕ್ಸೂಚಿ ನೋಡಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದ: ಇನ್ನೂರ ಎಪ್ಪತ್ತು. ಇನ್ನೂರ ಎಪ್ಪತ್ತು. ಆ ದನಿ ಕೇಳಿ ಏಳು ತಿಂಗಳಾಗಿತ್ತು. ದಡದ ದೀಪಗಳು ಕಂಡಮೇಲೂ ಅವಳು ತಿರುಗಿ ನೋಡಲಿಲ್ಲ, ಅಳುತ್ತಿದ್ದಳು.