ಭಾಮೈದನ ತಂತಿ, ನನ್ನ ಹಣೆ

ನನ್ನ ಮುಖದಲ್ಲಿ ಎಣ್ಣೆ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕಿಸಿಕಿಸಿ ನಗಬಾರದು. ಬೆಳಿಗ್ಗೆ ಸೋಪು ಹಾಕಿ ತಿಕ್ಕಿ ತೊಳೆದರೂ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹಣೆ ಮತ್ತೆ ಮಿರಮಿರ ಮಿಂಚುತ್ತದೆ. ಸಿಟ್ಟು ಬಂದರಂತೂ ಕೇಳಲೇಬೇಡಿ. "ಮೊಟ್ಟೆ ಒಡೆದು ಹಾಕಿದ್ರೆ ಅಲ್ಲೇ ಬೇಯುತ್ತೆ ಕಣ್ರೀ," ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನನಗೆ ಸುಮ್ಮಸುಮ್ಮನೆ ಸಿಟ್ಟು ಬರುವುದಿಲ್ಲ. ಜನ ಬರಿಸುತ್ತಾರೆ.

ನನ್ನದು ಹೊಲಿಗೆ ಯಂತ್ರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದೇ ಕೋಣೆಯ ಮೂಲೆಯಲ್ಲಿ ಭಾಮೈದನ ಮಂಚ. ಭಾಮೈದ ಎಂದರೆ ಹೆಂಡತಿಯ ತಮ್ಮ. ಕೆಲಸ ಸಿಗುವವರೆಗೆ ಇರಲಿ ಎಂದು ಕರೆದುಕೊಂಡು ಬಂದದ್ದು. ಅವನು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗಿಟಾರು ಬಾರಿಸುತ್ತಾನೆ. ಚೆನ್ನಾಗಿಯೇ ಬಾರಿಸುತ್ತಾನೆ, ಸುಳ್ಳು ಯಾಕೆ ಹೇಳಲಿ. ಆದರೆ ಬೆರಳು ಗಿಟಾರಿನ ಕತ್ತಿನ ಮೇಲಿನ ಒಂದು ಮನೆಯಿಂದ ಇನ್ನೊಂದು ಮನೆಗೆ ಜಾರುವಾಗಲೆಲ್ಲ ತಂತಿ ಕೀಂಚ್ ಎನ್ನುತ್ತದೆ. ದಪ್ಪ ತಂತಿಯ ಸುತ್ತ ಸಣ್ಣ ತಂತಿ ಸುತ್ತಿರುತ್ತಾರೆ, ಅದು ಅರದ ಹಾಗೆ. ಅವನ ಬೆರಳೋ ಒಣಗಿದ ಸೌದೆ. ಅವರ ವಂಶದಲ್ಲೇ ಯಾರ ಚರ್ಮಕ್ಕೂ ಪಸೆ ಇಲ್ಲ. ಒಣ ಬೆರಳು ಅರದ ಮೇಲೆ ಎಳೆದರೆ ಇನ್ನೇನಾಗುತ್ತದೆ?

ನಾವು ಆ ಕೀಂಚಿಗೆ ಒಗ್ಗಿಹೋಗಿದ್ದೆವು. ಸ್ಟುಡಿಯೋ ಯಜಮಾನ ಒಗ್ಗಲಿಲ್ಲ.

ಆ ಸ್ಟುಡಿಯೋದಲ್ಲಿ ಹಾಡು ಗೀಡು ಏನೂ ಮಾಡುವುದಿಲ್ಲ. ಫೋನ್ ಮಾಡಿದಾಗ "ದಯವಿಟ್ಟು ಕಾಯಿರಿ" ಎಂದು ಹೇಳಿ ನಡುವೆ ಒಂದು ರಾಗ ಹಾಕುತ್ತಾರಲ್ಲ, ಅದನ್ನು ಮಾಡುತ್ತಾರೆ. ವಿದ್ಯುತ್ ಕಚೇರಿಗೆ ಒಂದು ರಾಗ ಬೇಕಿತ್ತು. ಅದನ್ನು ಸರಿಯಾಗಿ ಬಾರಿಸಿದವನಿಗೆ ಅಲ್ಲೇ ಕಾಯಂ ಕೆಲಸ. ಭಾಮೈದ ಹೋಗಿ ಬಾರಿಸಿದ. ಯಜಮಾನ ಕಿವಿಯಿಂದ ಹೆಡ್‌ಫೋನ್ ಕಿತ್ತು, "ಏನಪ್ಪಾ, ಒಳಗೆ ಇಲಿ ಸಾಕಿದ್ದೀಯಾ?" ಎಂದನಂತೆ. "ಕರೆಂಟ್ ಹೋಗಿ ಮೊದಲೇ ಉರ್ಕೊಂಡು ಫೋನ್ ಮಾಡಿರ್ತಾರೆ. ಅವರ ಕಿವೀಲಿ ಇಲಿ ಬಿಡಕ್ಕಾಗತ್ತಾ? ಸರಿ ಮಾಡ್ಕೊಂಡು ಬಾ. ಇನ್ನೊಂದೇ ಸಲ ಕೇಳ್ತೀನಿ, ಆಮೇಲೆ ಬೇರೆಯವರನ್ನ ಕರೀತೀನಿ."

ಭಾಮೈದ ಬಂದವನೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಊಟಕ್ಕೂ ಏಳಲಿಲ್ಲ.

"ಬೆರಳು ಎತ್ತಿ ಎತ್ತಿ ಇಡೋ," ಎಂದೆ.

"ಎತ್ತಿದ್ರೆ ರಾಗ ತುಂಡಾಗುತ್ತೆ ಭಾವ. ಕುಂಟಿದ ಹಾಗೆ ಕೇಳುತ್ತೆ."

"ಹಾಗಾದ್ರೆ ಎಣ್ಣೆ ಬಿಡೋಣ."

ಉಜ್ಜಾಟ ಕಡಿಮೆ ಮಾಡುವುದು ನನ್ನ ಹೊಟ್ಟೆಪಾಡು. ಎಂತೆಂಥ ಜಾಮ್ ಆದ ಯಂತ್ರಗಳನ್ನು ಬೆಣ್ಣೆಯ ಹಾಗೆ ಓಡಿಸಿದ್ದೇನೆ, ಈ ತಂತಿ ಯಾವ ದೊಡ್ಡ ವಿಷಯ ಎಂದು ಎಣ್ಣೆ ಬುಡ್ಡಿ ತಂದು ತಂತಿಗೆಲ್ಲ ಸುರಿದೆ. ಕೀಂಚ್ ಹೋಯಿತು. ಜೊತೆಗೆ ನಾದವೂ ಹೋಯಿತು. ಗಿಟಾರು ಒದ್ದೆ ಹಾಸಿಗೆಗೆ ಬಡಿದ ಹಾಗೆ ಥಪ್ ಥಪ್ ಎನ್ನತೊಡಗಿತು. ಬೆರಳು ನಿಲ್ಲಬೇಕಾದ ಕಡೆ ನಿಲ್ಲದೆ ಜಾರಿ ಗಿಟಾರಿನ ಹೊಟ್ಟೆಯವರೆಗೂ ಹೋಯಿತು.

ಹಳೇ ತಂತಿ ಬಿಚ್ಚಿ ಹೊಸದು ಹಾಕಿದೆವು. ಭಾಮೈದ ಮುಖಕ್ಕೆ ಹಚ್ಚುವ ಪೌಡರ್ ತಂದ. ಪೌಡರ್ ಹಾಕಿಕೊಂಡು ಬಾರಿಸಿದರೆ ಕೀಂಚ್ ನಿಜಕ್ಕೂ ತಗ್ಗುತ್ತಿತ್ತು, ಆದರೆ ಪ್ರತಿ ಸಾಲಿಗೊಂದು ಸೀನು. ಬೆರಳು ಬೆವರಿದಾಗ ಪೌಡರೆಲ್ಲ ಗೋಂದಾಗಿ ತಂತಿ ಅವನನ್ನು ಬಿಡಲೇ ಇಲ್ಲ. ಮೇಣದಬತ್ತಿಯನ್ನೂ ತಿಕ್ಕಿದೆ. ಅದರ ಕಥೆ ಹೇಳುವುದಿಲ್ಲ. ನನ್ನ ಹೆಂಡತಿ ಅದನ್ನು ಈಗಲೂ ನೆಂಟರ ಮುಂದೆ ಹೇಳಿ ನಗುತ್ತಾಳೆ, ಅಲ್ಲಿ ಕೇಳಿಕೊಳ್ಳಿ.

ಎಣ್ಣೆಯ ಪ್ರಕರಣದಲ್ಲಿ ಒಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ನಾನು ಬುಡ್ಡಿ ಮುಚ್ಚದೆ ಇಟ್ಟಿದ್ದೆ. ಭಾಮೈದನ ಕಾಲು ತಾಗಿ ಅದು ಉರುಳಿ, ಗಿರಾಕಿಯೊಬ್ಬಳು ಯಂತ್ರದ ಜೊತೆ ಬಿಟ್ಟು ಹೋಗಿದ್ದ ಬಿಳೀ ಬಟ್ಟೆಯ ಥಾನಿನ ಮೇಲೆ ಹರಿದಿತ್ತು. ಅವನು ಹೇಳದೆ ಥಾನನ್ನು ಮಂಚದ ಕೆಳಗೆ ತಳ್ಳಿದ್ದ. ಅದು ನನ್ನ ಕಣ್ಣಿಗೆ ಬಿದ್ದ ದಿನ ನನ್ನ ಪಿತ್ತ ನೆತ್ತಿಗೇರಿತು. ಮೂಗಿಗೆ ಮೂಗು ತಾಗಿಸಿ ನಿಂತು ಕಿರುಚಿದೆ.

"ಲೋ, ಇದು ನಿನ್ನಪ್ಪನ ಛತ್ರ ಅಂದ್ಕೊಂಡಿದ್ದೀಯೇನೋ?"

ಅವನು ಹೆದರಿ ಎಡಗೈಯನ್ನು ನನ್ನ ಮುಖದ ಮೇಲಿಟ್ಟು ಹಿಂದಕ್ಕೆ ತಳ್ಳಿದ. ನಾನು ಇನ್ನೂ ಕಿರುಚಿದೆ. ಅವನು ಇನ್ನೂ ತಳ್ಳಿದ. ಕೊನೆಗೆ ಕಿರುಚಿ ಸಾಕಾಗಿ ನಾನು ಸ್ಟೂಲಿನ ಮೇಲೆ ಕುಸಿದೆ. ಅವನು ಮಂಚದ ಮೇಲೆ ಕುಸಿದ. ಹೆದರಿಕೆಯಾದಾಗ ಅವನು ಗಿಟಾರು ಹಿಡಿಯುತ್ತಾನೆ, ಚಿಕ್ಕಂದಿನ ಅಭ್ಯಾಸ. ಹಿಡಿದು ವಿದ್ಯುತ್ ಕಚೇರಿಯ ರಾಗ ಬಾರಿಸಿದ.

ಇಲಿ ಇರಲಿಲ್ಲ.

ಒಳಗಿಂದ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. "ಏನೋ ಅದು? ಇನ್ನೊಂದ್ಸಲ ಬಾರಿಸು." ಬಾರಿಸಿದ. ಬೆರಳು ತಂತಿಯ ಮೇಲೆ ನೀರಿನ ಮೇಲಿನ ಎಲೆಯ ಹಾಗೆ ಹೋಗುತ್ತಿತ್ತು. ನಾದವೂ ಮಂಕಾಗಿರಲಿಲ್ಲ. ಅವಳು ಅವನ ಬೆರಳು ನೋಡಿದಳು. ನನ್ನ ಹಣೆ ನೋಡಿದಳು. ನನಗೂ ಅರ್ಥವಾಯಿತು.

"ರೀ," ಎಂದಳು, "ಇಷ್ಟು ವರ್ಷ ದಿಂಬಿನ ಕವರಿಗೆ ದಂಡ ಮಾಡಿದ್ರಲ್ರೀ."

ನನ್ನ ಮುಖದ ಜಿಡ್ಡನ್ನು ಹತ್ತಿಯಲ್ಲಿ ಒರೆಸಿ ಡಬ್ಬಿಯಲ್ಲಿ ತುಂಬಿಡೋಣ ಎಂದು ನೋಡಿದೆವು. ಆಗಲಿಲ್ಲ. ಹತ್ತಿಯೇ ಎಲ್ಲವನ್ನೂ ಕುಡಿದುಬಿಡುತ್ತಿತ್ತು. ಬಿಸಿಬಿಸಿಯಾಗಿ ಮುಖದಿಂದ ಬೆರಳಿಗೇ ಹೋಗಬೇಕು. ಅದೂ ಸುಮ್ಮನಿದ್ದಾಗಿನ ಜಿಡ್ಡು ಸಾಲದು, ಸಿಟ್ಟಿನದೇ ಆಗಬೇಕು. ಹೀಗಾಗಿ ರೆಕಾರ್ಡಿಂಗಿಗೆ ನಾನು ಹೋಗಲೇಬೇಕಾಯಿತು. ಸಿಟ್ಟು ಬರಿಸಲು ಹೆಂಡತಿಯೂ ಹೊರಟಳು. ಆ ಕೆಲಸಕ್ಕೆ ಅವಳಷ್ಟು ಅನುಭವ ಇನ್ಯಾರಿಗೂ ಇಲ್ಲ.

ಸ್ಟುಡಿಯೋ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಗೋಡೆಗೆಲ್ಲ ಮೊಟ್ಟೆ ತಟ್ಟೆಯಂಥ ಸ್ಪಂಜು. ಯಜಮಾನ ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡು ಡಾಕ್ಟರ ಹಾಗೆ ಓಡಾಡುತ್ತಿದ್ದ.

"ಇವರು ಯಾರು?"

"ನಮ್ಮ ಭಾವ ಸರ್. ಪಕ್ಕದಲ್ಲಿ ಕೂತ್ಕೋತಾರೆ. ಇವರಿದ್ರೆ ನನಗೆ ಧೈರ್ಯ."

"ಅಮ್ಮ?"

"ಭಾವನಿಗೆ ಅಕ್ಕ ಇದ್ರೆ ಧೈರ್ಯ."

ಯಜಮಾನ ನಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಯಾರಾದ್ರೂ ಇರಿ. ಉಸಿರಿನ ಸದ್ದೂ ಬರಬಾರದು. ಇದೇ ಕೊನೆ, ಗೊತ್ತಲ್ಲ?" ಎಂದು ಗಾಜಿನ ಆಚೆಗೆ ಹೋದ.

ಆಗ ನಮಗೆ ಹೊಳೆಯಿತು. ಮಾತಾಡದೆ ಸಿಟ್ಟು ಬರಿಸುವುದು ಹೇಗೆ? ಮೆಟ್ಟಿಲು ಹತ್ತುವಾಗ ಅವಳು ನನ್ನ ತಂಗಿಯ ಗಂಡನನ್ನು ಹೊಗಳಿ ಹೊಗಳಿ ಒಳ್ಳೇ ಬೆಂಕಿ ಹಚ್ಚಿದ್ದಳು. ಆದರೆ ಒಳಗೆ ಏಸಿ ಹಾಕಿದ್ದರು. ಕೂತ ಸ್ವಲ್ಪ ಹೊತ್ತಿಗೇ ನನ್ನ ಹಣೆ ಸ್ಲೇಟಿನ ಹಾಗೆ ಒಣಗಿತು. ಭಾಮೈದ ಎಡಗೈ ಚಾಚಿ ಮುಟ್ಟಿ ನೋಡಿದ. ಅವನ ಮುಖ ಬಿಳಚಿಕೊಂಡಿತು. ಗಾಜಿನ ಆಚೆ ಯಜಮಾನ ಕೈ ಎತ್ತಿ ಶುರು ಎಂದು ಸನ್ನೆ ಮಾಡಿಯೇಬಿಟ್ಟ.

ಹೆಂಡತಿ ಸದ್ದಾಗದ ಹಾಗೆ ಚೀಲಕ್ಕೆ ಕೈ ಹಾಕಿದಳು. ಹೊರತೆಗೆದದ್ದು ನನ್ನ ಸಣ್ಣ ಸ್ಕ್ರೂಡ್ರೈವರ್.

ಆ ಸ್ಕ್ರೂಡ್ರೈವರ್ ನನಗೆ ಕೆಲಸ ಕಲಿಸಿದವರು ಕೊಟ್ಟದ್ದು. ಮರದ ಹಿಡಿ ನನ್ನ ಅಂಗೈಯಚ್ಚಿಗೇ ಸವೆದಿದೆ. ಮನೆಯಲ್ಲಿ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅವಳು ಚಪ್ಪಲಿ ಕಳಚಿ ತೊಡೆಯ ಮೇಲಿಟ್ಟು, ಅದರ ಅಟ್ಟೆಯ ಗೆರೆಗಳಲ್ಲಿ ಸೇರಿದ್ದ ಮಣ್ಣನ್ನು ಆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕೆರೆಯತೊಡಗಿದಳು.

ನನ್ನ ಕಿವಿಯೊಳಗೆ ಗುಂಯ್ ಎಂದಿತು. ಹಲ್ಲು ಕಚ್ಚಿದೆ. ಹಣೆ ಬೆಚ್ಚಗಾಯಿತು. ಭಾಮೈದ ಚಕ್ಕನೆ ನನ್ನ ಹಣೆಗೆ ಬೆರಳು ಒರೆಸಿಕೊಂಡು ಮೊದಲ ಸಾಲು ಬಾರಿಸಿದ. ರಾಗದಲ್ಲಿ ಅಲ್ಲಲ್ಲಿ ತಂತಿ ತಾನಾಗಿ ಮೊಳಗುವ ಜಾಗ ಇತ್ತು, ಎಡಗೈಗೆ ಅಲ್ಲಿ ಬಿಡುವು. ಆ ಬಿಡುವಿನಲ್ಲಿ ಕೈ ನನ್ನ ಹಣೆಗೆ ಬಂದು ಹೋಗುತ್ತಿತ್ತು. ನಾನು ತಲೆ ಬಗ್ಗಿಸಿ ಕೊಡುತ್ತಿದ್ದೆ, ಕ್ಷೌರಕ್ಕೆ ಕೂತವನ ಹಾಗೆ.

ಎರಡನೇ ಸಾಲಿಗೆ ಅವಳು ಅದರಿಂದ ಬೆನ್ನು ತುರಿಸಿಕೊಂಡಳು. ತುರಿಸಿಕೊಂಡು ಕಣ್ಣು ಮುಚ್ಚಿ ಸುಖಪಟ್ಟಳು. ಮೂಗಿನ ಇಕ್ಕೆಲದಲ್ಲೂ ಜಿಡ್ಡು ಒಸರಿತು. ರಾಗ ಹರಿಯುತ್ತಿತ್ತು, ಎಲ್ಲೂ ಕೀಂಚಿಲ್ಲ. ಗಾಜಿನ ಆಚೆ ಯಜಮಾನ ತಲೆ ತೂಗುವುದು ಕಾಣಿಸಿತು. ಕೊನೆಯ ಸಾಲೊಂದು ಉಳಿದಿತ್ತು, ಬೆರಳು ಉದ್ದಕ್ಕೂ ಜಾರಬೇಕಾದ ಸಾಲು. ಅದಕ್ಕೆ ಇದ್ದಷ್ಟು ಸಾಲದು. ಭಾಮೈದ ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದ.

ಅವಳು ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣದ ಕುರ್ಚಿಯ ಸಂದಿಗೆ ಸಿಕ್ಕಿಸಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒತ್ತಿದಳು.

ತುದಿ ಬಾಗಿತು. ಅದು ಬಾಗುವುದನ್ನು ನಾನು ಕಣ್ಣಾರೆ ನೋಡಿದೆ.

ಹೊಟ್ಟೆಯಿಂದ ಬೈಗುಳ ಎದ್ದಿತು. ಗಂಟಲಿಗೆ ಬಂತು. ನಾಲಿಗೆಯ ತುದಿಗೂ ಬಂತು. ನನ್ನ ಜನ್ಮದಲ್ಲಿ ಅಲ್ಲಿಯವರೆಗೆ ಬಂದ ಬೈಗುಳ ಯಾವುದೂ ವಾಪಸ್ಸು ಹೋಗಿದ್ದಿಲ್ಲ. ಪಕ್ಕದಲ್ಲಿ ಭಾಮೈದ ಕಣ್ಣು ಮುಚ್ಚಿ ಬಾರಿಸುತ್ತಿದ್ದ, ತುಟಿ ಅದುರುತ್ತಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಬೆನ್ನು ನೆನಪಾಯಿತು. ನಾನು ಜೇಬಿನ ಕರ್ಚೀಫನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಗದ್ದದ ತನಕ ಎಣ್ಣೆ ಇಳಿಯಿತು. ಅವನು ಅಂಗೈ ಅಗಲಿಸಿ ಮುಖವನ್ನೇ ಒಮ್ಮೆ ಬಾಚಿಕೊಂಡು ಆ ಕೊನೆಯ ಸಾಲನ್ನು ಮೇಲಿಂದ ಕೆಳಗಿನವರೆಗೆ ಎಳೆದ. ಆಹಾ. ಕೊನೆಯ ತಂತಿ ಮೊಳಗಿ ಮೊಳಗಿ ಕರಗಿತು. ಯಜಮಾನ ಎತ್ತಿದ ಕೈ ಇಳಿಸಲೊಲ್ಲ, ರೆಕಾರ್ಡಿಂಗ್ ಇನ್ನೂ ನಡೆದೇ ಇತ್ತು. ನುಂಗಿದ ಬೈಗುಳ ಒಳಗೆ ಏನಾಯಿತೋ, ಬಿಕ್ಕಳಿಕೆಯಾಗಿ ಮೇಲೇಳುತ್ತಿತ್ತು. ಎದೆ ಹಿಡಿದುಕೊಂಡೆ. ಕೈ ಇಳಿಯಿತು.

"ಹಿಕ್!"

"ಸಾರಿ ಸರ್, ಭಾವಂಗೆ ಭಾವನೆ ಉಕ್ಕಿಬಂತು," ಎಂದ ಭಾಮೈದ.

ಯಜಮಾನ ಹೆಡ್‌ಫೋನ್ ಒತ್ತಿಹಿಡಿದು ಮೊದಲಿಂದ ಕೇಳಿದ. ನಾವು ಮೂವರೂ ಅವನ ಬಾಯನ್ನೇ ನೋಡುತ್ತ ನಿಂತೆವು. ಕೇಳಿ ಮುಗಿಸಿ ಅವನು ಗಾಜಿನ ಈಚೆಗೆ ಬಂದು, "ಸೋಮವಾರದಿಂದ ಬಂದುಬಿಡು," ಎಂದ.

ಅಕ್ಕ ತಮ್ಮ ತಬ್ಬಿಕೊಂಡು ಅತ್ತರು. ಅವನು ಆಮೇಲೆ ನನ್ನ ಕಾಲಿಗೆ ಬಿದ್ದ. ನಾನು "ಏಳೋ ಕತ್ತೆ, ಹಿಕ್, ಏಳು," ಎಂದೆ. ನನ್ನ ಜೇಬಿನಲ್ಲಿ ಬಾಗಿದ ಸ್ಕ್ರೂಡ್ರೈವರ್ ಇತ್ತು. ಅದನ್ನು ಮುಟ್ಟಿ ನೋಡಿಕೊಂಡರೂ ಮುಖದ ತುಂಬ ನಗು. ನಾಚಿಕೆಯಾಯಿತು.

"ಇದ್ದೀರಲ್ಲ, ನೀರು ಸರಬರಾಜಿನವರದೂ ಒಂದು ಚಿಕ್ಕ ರಾಗ ಇದೆ, ಮುಗಿಸೇಬಿಡೋಣ," ಎಂದ ಯಜಮಾನ. ಹೆಡ್‌ಫೋನ್ ಹಾಕಿಕೊಂಡೇ ನಿಂತ.

ಭಾಮೈದ ನನ್ನ ಹಣೆ ಮುಟ್ಟಿದ. ಮೂಗಿನ ಪಕ್ಕ ಮುಟ್ಟಿದ. "ಭಾವ, ಒಣಗಿದೆ," ಎಂದು ಪಿಸುಗುಟ್ಟಿದ.

"ಏನು ಮಾಡ್ಲೋ, ಖುಷಿಯಾಗಿದೆ."

ಹೆಂಡತಿ ನನ್ನ ಕಿವಿಗೆ ಬಾಗಿ ನನ್ನನ್ನು, ನನ್ನಪ್ಪನನ್ನು, ನಮ್ಮ ಊರನ್ನು ಬೈದಳು. ನಾನು ನಗುತ್ತಲೇ ಇದ್ದೆ. "ನಿಮ್ಮ ದೊಡ್ಡ ಕತ್ತರೀಲಿ ಅಟ್ಟದ ತಗಡು ಕತ್ತರಿಸಿದ್ದು ನಾನೇ," ಎಂದಳು. "ಹೋಗಲಿ ಬಿಡೇ," ಎಂದೆ. ಅವಳು ಕೈಚೆಲ್ಲಿ ಕೂತಳು. ಭಾಮೈದ ಒಣ ಬೆರಳಲ್ಲಿ ಒಂದು ಸಲ ತಂತಿ ಸವರಿ ನೋಡಿದ. ಕೀಂಚ್. ಯಜಮಾನನ ಕಿವಿ ನೆಟ್ಟಗಾಯಿತು. ಹೆಡ್‌ಫೋನ್ ಅರ್ಧ ಸರಿಸಿ ಗಿಟಾರಿನ ಕಡೆ ನೋಡಿದ. ಭಾಮೈದ ನನ್ನ ಕಡೆ ನೋಡಿದ. ನಾನು ಮೇಲಿನ ಏಸಿಯ ಕಡೆ ನೋಡಿದೆ.

ಮಾತು ಬೇರೆ ಕಡೆ ತಿರುಗಿಸಲು ಹೆಂಡತಿ, "ನಮ್ಮೆಜಮಾನ್ರು ಹೊಲಿಗೆ ಯಂತ್ರ ರಿಪೇರಿ ಮಾಡ್ತಾರೆ ಸರ್," ಎಂದಳು.

"ಓಹೋ, ಅದೆಲ್ಲ ಇನ್ನೂ ಇದೆಯಾ?" ಎಂದ ಯಜಮಾನ ನಗುತ್ತ. "ಈಗ ಯಾರು ಸ್ವಾಮಿ ರಿಪೇರಿ ಮಾಡಿಸ್ತಾರೆ? ಕೆಟ್ರೆ ಗುಜರಿಗೆ ಹಾಕಿ ಹೊಸದು ತಗೊಳ್ಳೋದಪ್ಪ. ಎಣ್ಣೆ ಬಿಡೋದು ಬಿಟ್ಟು ಅದರಲ್ಲಿ ಅಂಥ ಕೆಲಸ ಏನಿದೆ ಹೇಳಿ?"

ಹೆಂಡತಿ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ನನ್ನ ಬಿಕ್ಕಳಿಕೆ ನಿಂತುಹೋಯಿತು. ಹುಬ್ಬಿನ ಮೇಲಿಂದ ಏನೋ ಬೆಚ್ಚಗೆ ಇಳಿಯುತ್ತಿತ್ತು.

ಭಾಮೈದ ಗಿಟಾರು ಎತ್ತಿಕೊಂಡು ನನ್ನ ಪಕ್ಕಕ್ಕೆ ಸರಿದ.

"ಸರ್," ಎಂದ, "ಬೇಗ ಮೆಷಿನ್ ಆನ್ ಮಾಡಿ."