ವಾಪಸು ಕೊಡಬೇಕಾದ ಇನ್ಸುಲಿನ್

ಪ್ರಯೋಗ ನಿಲ್ಲಿಸಿ ಎಂಬ ಆದೇಶ ಬಂದ ದಿನ ಸಿಸ್ಟರ್ ಊಟಕ್ಕೂ ಏಳಲಿಲ್ಲ. ಮಧುಮೇಹ ಸಂಶೋಧನಾ ವಿಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಪ್ರಯೋಗದಲ್ಲಿದ್ದ ರೋಗಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಹೊಸ ಇನ್ಸುಲಿನ್ ಇವತ್ತಿನಿಂದಲೇ ಬಿಡಿ, ಮೊದಲಿನದನ್ನೇ ಶುರುಮಾಡಿ, ಉಳಿದ ಇಂಜೆಕ್ಷನ್ ಪೆನ್ನುಗಳನ್ನು ತಂದುಕೊಡಿ. ಕೆಲವರು ‘ಹೂಂ’ ಎಂದು ಇಟ್ಟುಬಿಟ್ಟರು. ಒಬ್ಬರು, “ನಾವೇನು ನಿಮ್ಮ ಪ್ರಯೋಗದ ಇಲಿಗಳಾ?” ಎಂದು ರೇಗಿದರು. ಅವಳು ಮುಂದಿನ ನಂಬರ್ ಒತ್ತಿದಳು.

ರಕ್ತದಲ್ಲಿ ಸಕ್ಕರೆ ತೀರಾ ಇಳಿಯತೊಡಗಿದರೆ ತಾನೇ ಕೆಲಸ ತಗ್ಗಿಸಿಕೊಳ್ಳುವ ಇನ್ಸುಲಿನ್ ಅದು. ಬಹಳ ಮಂದಿಗೆ ಒಗ್ಗಿತ್ತು. ಆದರೆ ಬೇರೆ ಊರುಗಳ ಆಸ್ಪತ್ರೆಗಳಲ್ಲಿ ಅದನ್ನು ತೆಗೆದುಕೊಂಡ ಕೆಲವರ ಲಿವರ್ ಕೆಟ್ಟಿತ್ತು. ಅಷ್ಟಾದ ಮೇಲೆ ಮಾತಿಗೆ ಜಾಗವಿರಲಿಲ್ಲ.

ಎಲ್ಲರೂ ಪೆನ್ನು ತಂದುಕೊಟ್ಟರು, ಬಡಗಿಯೊಬ್ಬನನ್ನು ಬಿಟ್ಟು. ಫೋನ್ ಮಾಡಿದಾಗಲೆಲ್ಲ ಅವನ ಹೆಂಡತಿ, “ನಾಳೆ ತರ್ತೀವಿ ಸಿಸ್ಟರ್” ಎನ್ನುತ್ತಿದ್ದಳು. ಆ ನಾಳೆ ಬರಲೇ ಇಲ್ಲ. ಕೊನೆಗೆ ಸಿಸ್ಟರ್ ಕೆಲಸ ಮುಗಿಸಿ, ಮನೆಗೆ ಹೋಗಬೇಕಾದ ಬಸ್ಸು ಬಿಟ್ಟು, ಬಡಗಿಯ ಮನೆಯತ್ತ ಹೋಗುವ ಬಸ್ಸು ಹತ್ತಿದಳು.

ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ನೆಲದ ತುಂಬ ಮರದ ಹೊಟ್ಟು, ಗೋಡೆಗೆ ಒರಗಿಸಿದ ಬಾಗಿಲಿಲ್ಲದ ಬೀರು. ಬಡಗಿ ಉಳಿಗೆ ಸಾಣೆ ಹಿಡಿಯುತ್ತಿದ್ದವನು ಅವಳನ್ನು ನೋಡಿ ಎದ್ದು ನಿಂತ. ಹೆಂಡತಿ ಬಂದು ಸಿಸ್ಟರನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಬಟ್ಟೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು; ಅಳತೆ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು.

“ಹಳೇ ಇನ್ಸುಲಿನ್ ಶುರು ಮಾಡಿದ್ರಾ?”

ಅವಳು ಅಳತೆ ಪಟ್ಟಿ ತೆಗೆದು ಬೆರಳಿಗೆ ಸುತ್ತತೊಡಗಿದಳು.

“ಅಮ್ಮಾ, ನಾನು ಕೇಳ್ತಿರೋದು ನಿಮ್ಮ ಯಜಮಾನರ ಒಳ್ಳೇದಕ್ಕೇ.”

“ಒಳ್ಳೇದು ಅಂದ್ರೇನು ಅಂತ ನನಗೆ ಗೊತ್ತು ಸಿಸ್ಟರ್,” ಎಂದಳು ಅವಳು. ದನಿ ಏರಲಿಲ್ಲ. “ಮದುವೆಯಾದಾಗಿನಿಂದ ನಾನು ನಿದ್ದೆ ಮಾಡಿಲ್ಲ. ಕಣ್ಣು ಮುಚ್ತಿದ್ದೆ, ಅಷ್ಟೆ. ಕೈ ಇವರ ಹಣೆ ಮೇಲೇ. ತಣ್ಣಗೆ ಬೆವರಿದ್ರೆ ಎದ್ದು ಸಕ್ಕರೆ ನೀರು ಕುಡಿಸ್ಬೇಕು. ಸಕ್ಕರೆ ಇಳಿದಿದ್ದು ಇವರಿಗೇ ಗೊತ್ತಾಗಲ್ಲ, ಸಕ್ಕರೆ ಅಳೆಯೋ ಯಂತ್ರ ಕೂಗಿದ್ರೂ ಏಳಲ್ಲ. ಒಂದು ಸಲ ನಾನು ಮೈಮರೆತು ಮಲಗಿಬಿಟ್ಟೆ. ಎದ್ದು ನೋಡಿದ್ರೆ ಇವರಿಗೆ ಹಲ್ಲು ಕಚ್ಚಿಕೊಂಡು ಹೋಗಿತ್ತು. ನಿಮ್ಮ ಹೊಸ ಔಷಧಿ ಬಂದ ಮೇಲೆ ಹೊತ್ತು ಹುಟ್ಟಿದ್ದೇ ತಿಳೀತಿರಲಿಲ್ಲ ನನಗೆ. ಗೊರಕೆ ಹೊಡೀತೀನಂತೆ! ಈ ವಯಸ್ಸಲ್ಲಿ ಗೊತ್ತಾಯ್ತು.”

ಸಿಸ್ಟರ್‌ಗೆ ನಗು ಬಂತು. ನಕ್ಕಮೇಲೆ ಇನ್ನಷ್ಟು ಸುಸ್ತಾಯಿತು.

“ಯಾರದೋ ಲಿವರ್ ಕೆಟ್ರೆ ಇವರದೂ ಕೆಡ್ಬೇಕಾ?”

“ಕೆಡದೇ ಇರಬಹುದು. ಕೆಡಲೂಬಹುದು. ನಮಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೋದಕ್ಕೆ ಅಷ್ಟೊಂದು ಓದ್ಬೇಕಾ?”

ಸಿಸ್ಟರ್ ಕುರ್ಚಿಯಲ್ಲಿ ಕುಸಿದು ಕೂತಳು. ಪೆನ್ನುಗಳು ಕೈಜಾರಿ ಒಡೆದವು ಎಂದು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿದರೆ ಸಾಕು, ಯಾರೂ ಕೆದಕುವುದಿಲ್ಲ. ಈ ಹೆಂಗಸು ಇನ್ನಷ್ಟು ದಿನ ಮಲಗುತ್ತಾಳೆ. ಸಿಸ್ಟರ್ ಆಗಲಿ ಅಂತಲೂ ಅನ್ನಲಿಲ್ಲ, ಆಗದು ಅಂತಲೂ ಅನ್ನಲಿಲ್ಲ. ಆ ಮೌನವೇ ತಪ್ಪು ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಬಡಗಿ ಒಳಗೆ ಬಂದ. ಫ್ರಿಜ್ಜಿನ ಬಾಗಿಲು ತೆರೆದು, ಸೊಪ್ಪಿನ ಹಿಂದೆ ಕೈಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪೆನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟ.

“ರೀ!” ಎಂದಳು ಹೆಂಡತಿ.

“ನೀನು ಮಲಗಲಿ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ ಕಣೇ,” ಎಂದ ಅವನು. “ಆದ್ರೆ ನಾಳೆ ನನಗೇನಾದ್ರೂ ಆದ್ರೆ, ನಾನೇ ಬಚ್ಚಿಟ್ಟೆನಲ್ಲ ಅಂತ ನೀನು ಜನ್ಮದಲ್ಲಿ ಮಲಗಲ್ಲ.”

ಅವಳು ಬೆನ್ನು ತಿರುಗಿಸಿ ಒಲೆಯ ಕಟ್ಟೆ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು. “ತಗೊಂಡು ಹೋಗಿ ಸಿಸ್ಟರ್,” ಎಂದಳು ತಿರುಗದೆಯೇ. ಸಿಸ್ಟರ್ ಲಿವರ್ ಪರೀಕ್ಷೆಗೆಂದು ಬಡಗಿಯ ತೋಳಿನಿಂದ ರಕ್ತ ತೆಗೆದುಕೊಂಡು, ಪೆನ್ನುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾಗಿಲವರೆಗೆ ಯಾರೂ ಬರಲಿಲ್ಲ.

ಮರುದಿನ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಇಷ್ಟನ್ನೂ ಹೇಳಿದಳು, ತಾನು ಸುಮ್ಮನೆ ಕೂತದ್ದನ್ನೂ ಸೇರಿಸಿ. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ನಿದ್ದೆಯಾದಂತಿರಲಿಲ್ಲ, ಈ ಪ್ರಯೋಗಕ್ಕೆಂದು ವರ್ಷಗಟ್ಟಲೆ ಓಡಾಡಿದವರು ಅವರು.

“ರಕ್ತ ಚೆನ್ನಾಗಿದೆ. ಲಿವರ್‌ಗೆ ಏನೂ ಆಗಿಲ್ಲ,” ಎಂದರು. “ಹಳೇ ಇನ್ಸುಲಿನ್ ಸ್ವಲ್ಪ ಕಡಿಮೆ ಮಾಡೇ ಕೊಡೋಣ. ಸಕ್ಕರೆ ಒಂಚೂರು ಮೇಲಿದ್ರೂ ಪರವಾಗಿಲ್ಲ, ಇಳೀಬಾರದು. ಇಳಿದೂ ಇಳಿದೂ ಮೈ ಎಚ್ಚರಿಸೋದನ್ನೇ ಬಿಟ್ಟುಬಿಡುತ್ತೆ ನೋಡು. ಬೆವರು, ನಡುಕ, ಯಾವುದೂ ತಿಳಿಯಲ್ಲ. ಈಗ ಇಷ್ಟು ತಿಂಗಳು ಇಳಿದಿಲ್ಲವಲ್ಲ, ಆ ಎಚ್ಚರ ಮರಳಿದ್ರೂ ಮರಳಬಹುದು. ಆದ್ರೆ ಅವರಿಗೆ ಆಸೆ ಹುಟ್ಟಿಸ್ಬೇಡ.”

ಸಿಸ್ಟರ್ ಹೊಸ ಅಳತೆಯನ್ನು ಬಡಗಿಗೆ ತಿಳಿಸಿದಳು. ಕೈ ನಡುಗಿದರೆ, ಎದೆ ಹೊಡೆದುಕೊಂಡರೆ ಕೆಲಸ ಬಿಟ್ಟು ಕೂತು ಸಕ್ಕರೆ ನೀರು ಕುಡಿಯಿರಿ ಎಂದಳು. ಆಸೆಯ ಮಾತು ಎತ್ತಲಿಲ್ಲ. ಕೊಡುವಷ್ಟು ಆಸೆ ಅವಳಲ್ಲೂ ಉಳಿದಿರಲಿಲ್ಲ.

ಕೊನೆಯ ತಪಾಸಣೆಗೆ ಗಂಡಹೆಂಡತಿ ಒಟ್ಟಿಗೇ ಬಂದರು. ಹೆಂಡತಿಯ ಕಣ್ಣಿನ ಕೆಳಗೆ ಮತ್ತೆ ಕಪ್ಪು ಕೂತಿತ್ತು. ಸಿಸ್ಟರ್‌ಗೆ ಅವಳ ಮುಖ ನೋಡಲಾಗಲಿಲ್ಲ.

“ಇವರು ಮಾಡಿದ್ದು ಕೇಳಿ ಸಿಸ್ಟರ್,” ಎಂದು ಅವಳೇ ಶುರುಮಾಡಿದಳು. “ಮೊನ್ನೆ ಬೆಳಿಗ್ಗೆ ಎದ್ದು ನೋಡ್ತೀನಿ, ತೊಳೆಯೋ ಜಾಗದಲ್ಲಿ ಲೋಟ, ಲೋಟದ ತಳದಲ್ಲಿ ಸಕ್ಕರೆ. ಏನ್ರೀ ಇದು ಅಂದ್ರೆ, ರಾತ್ರಿ ಕೈ ನಡುಗಿ ಎಚ್ಚರ ಆಯ್ತು, ಎದ್ದು ಕುಡಿದೆ ಅಂತಾರೆ! ನನ್ನನ್ನ ಎಬ್ಬಿಸ್ಬಾರದಾ?”

“ಎದ್ದಿದ್ದು ನಾನು. ನಿನ್ನ ನಿದ್ದೆ ಯಾಕೆ ಕೆಡಿಸ್ಲಿ?” ಎಂದ ಬಡಗಿ.

ಸಿಸ್ಟರ್ ಕೈಯಲ್ಲಿದ್ದ ಹತ್ತಿಯನ್ನು ಹಾಗೇ ಹಿಡಿದುಕೊಂಡು ನಿಂತಳು. ಪೆನ್ನುಗಳೆಲ್ಲ ಕಂಪನಿಗೆ ವಾಪಸಾಗಿದ್ದವು. ಅವು ಕಲಿಸಿದ್ದನ್ನು ಬಡಗಿಯ ಮೈ ಮರೆತಿರಲಿಲ್ಲ.

“ಪ್ರತಿ ಸಲವೂ ಹೀಗೇ ಎಚ್ಚರ ಆಗುತ್ತೆ ಅಂತ ಹೇಳೋಕಾಗಲ್ಲಮ್ಮಾ,” ಎಂದಳು ಸಿಸ್ಟರ್; ಹೇಳಲೇಬೇಕಿತ್ತು.

“ಗೊತ್ತು. ಅದಕ್ಕೇ ಅರ್ಧ ರಾತ್ರಿ ನಾನು ಎದ್ದಿರ್ತೀನಿ.”

“ಇನ್ನರ್ಧ?”

ಹೆಂಡತಿ ಗಂಡನ ಕಡೆ ನೋಡಿದಳು. “ಅದು ಇವರ ಪಾಳಿ,” ಎಂದಳು.