ತಿರುಗುವ ಡಬ್ಬಿಯ ಹಾಳೆ

ತಲೆಗೆ ಕಟ್ಟುವ ಕರವಸ್ತ್ರದ ಗಂಟು ಹಿಂದಕ್ಕೆ ಬರಬೇಕೋ ಕಿವಿಯ ಪಕ್ಕಕ್ಕೋ ಎಂಬ ಗಹನವಾದ ಪ್ರಶ್ನೆ ಹೇಮಪ್ಪ ಮಾಸ್ತರರನ್ನು ಜಂಗ್ಲಿಸಾಬನ ಅಂಗಳದಲ್ಲೇ ಹಿಡಿದು ನಿಲ್ಲಿಸಿತ್ತು. ಮೂರನೆಯ ಸಲ ಬಿಚ್ಚಿ ಕಟ್ಟುತ್ತಿರುವಾಗ ಬಾಗಿಲ ಮರೆಯಿಂದ ಜಂಗ್ಲಿಸಾಬನ ಹೆಂಡತಿ ಮಾಸುಮಬಿಯ ದನಿ ಬಂತು. ಗಂಡ ನಿನ್ನೆ ಸಂಜೆ ಎದೆನೋವೆಂದು ಕೂತಲ್ಲೇ ಹೋಗಿದ್ದ. ಶವ ಹೊತ್ತ ಜನಾಜಾ ಏಳುವ ಮುನ್ನ ಅವಳಿಗೆ ಒಂದು ಮಾತು ಆಡಬೇಕಿತ್ತು.

“ಮಾಸ್ತರ್ರ, ಮಣ್ಣ ಕೊಟ್ಟ ಬರೂಮುಂದ ಆ ಹಾಳಿ ತಂದ ಕೊಡ್ರಿ. ಇವರ ಹೆಸರ ಇರೂದು. ಕಟ್ಟ ಹಾಕಿಸಿ ಗ್ವಾಡಿಗೆ ಹಾಕ್ತೀನಿ. ಫೋಟೋ ಅಂತೂ ಒಂದೂ ತಗಿಸಿಕೊಳ್ಳಲಿಲ್ಲ.”

“ಆತವಾ ತಂಗಿ,” ಎಂದರು ಮಾಸ್ತರರು.

ಹೋದಲ್ಲೆಲ್ಲ ತೋರಿಸಲೆಂದು ಹಾಳೆ ಅವರ ಹೆಗಲ ಚೀಲದಲ್ಲೇ ಇರುತ್ತಿತ್ತು. ಜಂಗ್ಲಿಸಾಬನ ಹೆಸರು ಅದರಲ್ಲಿ ಇರಲಿಲ್ಲ.

*

ಮೂರು ವರ್ಷದ ಹಿಂದೆ, ಎರಡು ಸಾವಿರದ ಐದರಲ್ಲಿ, ಮಾಸ್ತರರು ಧಾರವಾಡದ ತರಬೇತಿಯಿಂದ ಒಂದು ನಕ್ಷೆ ತಂದಿದ್ದರು. ಸುತ್ತಲೂ ಸೀಳುಗಳಿರುವ ತಗಡಿನ ಡಬ್ಬಿ, ಒಳಗೆ ಚಿತ್ರಗಳ ಪಟ್ಟಿ. ತಿರುಗಿಸಿ ಸೀಳಿಗೆ ಕಣ್ಣಿಟ್ಟರೆ ಬೀಜ ಮೊಳೆಯುತ್ತದೆ, ಚಂದ್ರ ಸವೆಯುತ್ತಾನೆ, ಮಾಸ್ತರ ಬಾಯಿ ತೆರೆಯುವ ಅಗತ್ಯವೇ ಇಲ್ಲ. ಅಡಿಯಲ್ಲಿ ಅಚ್ಚಾಗಿತ್ತು: ಯಾರು ಬೇಕಾದರೂ ಮಾಡಿಕೊಳ್ಳಿ, ಹಂಚಿರಿ, ತಿದ್ದಿರಿ. ತಿದ್ದಿದವರ ಹೆಸರನ್ನು ಕೆಳಗೆ ಬರೆಯಿರಿ.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ಕೊಡ, ಚಿಮಣಿ ಬೆಸೆಯುತ್ತಿದ್ದ ಜಂಗ್ಲಿಸಾಬ ನಕ್ಷೆಯಂತೆಯೇ ಡಬ್ಬಿ ಮಾಡಿದ. ಮೊಳೆಯ ಮೇಲೆ ತಿರುಗುವ ಅದು ಚಳಿಜ್ವರ ಬಂದಂತೆ ನಡುಗಿತು.

“ಇದನ್ನ ನೋಡಿದ್ರ ಹುಡುಗೂರಿಗೆ ವಾಂತಿ ಬರ್ತೈತ್ರಿ,” ಎಂದವನು ಹಳೆಯ ಸೈಕಲ್ ಗಾಲಿಯ ನಡುವೆ ತಿರುಗುವ ಹಬ್ಬು ಕಿತ್ತು ಅಡಿಗೆ ಕೂಡಿಸಿದ. ಬೆರಳು ಕೊಯ್ಯದಂತೆ ಅಂಚು ಮಡಚಿದ. ಡಬ್ಬಿ ಸದ್ದಿಲ್ಲದೆ ತಿರುಗಿತು. ಶಿಕ್ಷಣ ಇಲಾಖೆಯ ಸಾಹೇಬರು ಮೆಚ್ಚಿ, ತಿದ್ದಿದ ನಕ್ಷೆಯನ್ನು ನಲವತ್ತು ಶಾಲೆಗಳಿಗೆ ಕಳಿಸಲು ಹೇಳಿದರು. ಮಾಸ್ತರರು ನಕ್ಷೆ ಬರೆದು, ‘ತಿದ್ದಿದವರು’ ಎಂಬಲ್ಲಿ ತಮ್ಮ ಹೆಸರು, ಹುದ್ದೆ, ಶಾಲೆಯ ಊರು ಮುಶಿಗೇರಿ ಎಂದು ಬರೆದು, ಝೆರಾಕ್ಸ್ ಮಾಡಿಸಿದರು. ಅಂಚೆಗೆ ಹೊತ್ತಾಗಿತ್ತು ನಿಜ. ಇನ್ನೊಂದು ಹೆಸರಿಗೆ ಜಾಗವಿದ್ದದ್ದೂ ನಿಜ.

“ನಂದೂ ಬರದ್ರ್ಯಾ?” ಎಂದು ಜಂಗ್ಲಿಸಾಬ ಕೇಳಿದ. ಅವನಿಗೆ ಓದು ಬರುತ್ತಿರಲಿಲ್ಲ.

“ಬರದೇನಿ.”

“ಎಲ್ಲೈತ್ರಿ?”

ಮಾಸ್ತರರು ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

“ಇಷ್ಟ ಉದ್ದ ಐತೇನ್ರಿ ನನ್ನ ಹೆಸರ!” ಎಂದು ಅವನು ನಕ್ಕ. ಅಂದಿನಿಂದ ಚಹಾದಂಗಡಿಯಲ್ಲಿ ಕೂತವರಿಗೆಲ್ಲ, ತಾನೀಗ ನಲವತ್ತು ಸಾಲಿಯಲ್ಲಿದ್ದೇನೆ ಎಂದು ಹೇಳುತ್ತ ಬಂದ.

*

ಮಣ್ಣು ಕೊಟ್ಟು ಮರಳುವಾಗ ಮಾಸ್ತರರ ಬಲಕ್ಕೆ ಸತ್ತವನ ಗೆಳೆಯ ಟಿಪ್ಪುಸಾಬ, ಎಡಕ್ಕೆ ನರೇಗಲ್ಲಿನ ಶಾಲೆಯ ಶಶಿಕಾಂತ ಮಾಸ್ತರ. ಓಣಿ ಇಕ್ಕಟ್ಟಿನದು, ಹಿಂದೆ ಮುಂದೆ ಜನ.

“ಗಿರಾಕೀನ್ನ ಮೂರ ಸಲಾ ಅಡ್ಡಾಡಸದ ಒಂದ ಚಿಮಣಿ ಬೆಸದು ಕೊಟ್ಟಾಂವಲ್ಲ ಈ ಮನಷ್ಯಾ,” ಟಿಪ್ಪುಸಾಬ ಕಣ್ಣೊರೆಸಿಕೊಂಡ. “ನಿಮ್ಮ ಡಬ್ಬಿ ಮಾತ್ರ ಊಟಾ ಬಿಟ್ಟ ಮಾಡಿದಾ. ಹಾಳ್ಯಾಗ ಹೆಸರ ಬಂದೈತಿ ಅಂತ ಊರೆಲ್ಲಾ ಸಾರಿದಾ.”

“ಹೆಸರ?” ಶಶಿಕಾಂತ ಕತ್ತು ಚಾಚಿದ. “ನಮ್ಮ ಸಾಲ್ಯಾಗಿನ ಹಾಳ್ಯಾಗ ನಿಮ್ಮದೊಂದ ಐತಲ್ರಿ, ಸರ?”

“ಝೆರಾಕ್ಸ್ ಮಸಕ ಬಂದಿರಬೇಕ್ರಿ,” ಎಂದರು ಹೇಮಪ್ಪ ಮಾಸ್ತರರು.

“ನಿಮ್ಮದು ಛಂದ ಮೂಡೈತ್ರಿ.”

“ಹಾಳ ಮಂದಿ!” ಟಿಪ್ಪುಸಾಬ ಉಗುಳಿದ. “ಬಡವರ ಹೆಸರ ಅಂದ್ರ ಮಷೀನಿಗೂ ಕಾಣಂಗಿಲ್ಲ.”

ಮನೆಯ ತಿರುವಿನಲ್ಲಿ ಮಾಸ್ತರರು ಬೂಟಿನ ದಾರ ಬಿಚ್ಚಿದ ನೆಪ ಹೇಳಿ ಹಿಂದುಳಿದರು. ಹಾಳೆಯನ್ನು ಗೋಡೆಗೆ ಒತ್ತಿ, ಶಾಯಿ ಪೆನ್ನಿನಿಂದ ತಮ್ಮ ಹೆಸರಿನ ಕೆಳಗೆ ಬರೆದರು: ಜಂಗ್ಲಿಸಾಬ, ತಗಡಿನ ಕೆಲಸದವರು, ಗಜೇಂದ್ರಗಡ. ಪೆನ್ನು ಜಾಡಿಸಿದ್ದಕ್ಕೆ ಶಾಯಿ ಹೆಚ್ಚೇ ಸುರಿಯಿತು. ಊದಿದರು.

“ಲಗೂ ಬರ್ರಿ ಸರ, ಅಕ್ಕಾರು ಕಾಯಾಕತ್ತಾರ!” ಟಿಪ್ಪುಸಾಬ ಅಂಗಳದಿಂದಲೇ ಕೂಗಿದ.

ಮಾಸುಮಬಿ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಒಂಬತ್ತನೆಯ ತರಗತಿಯ ಮಗಳು ನಾಜಮೀನಳ ಕೈಗಿಟ್ಟಳು. “ಓದ, ಬೇಟಿ.”

ಹುಡುಗಿ ಅಪ್ಪನ ಹೆಸರಿನ ಮೇಲೆ ಹೆಬ್ಬೆರಳು ಸವರಿದಳು. ಹೆಬ್ಬೆರಳು ನೀಲಿಯಾಯಿತು. ಮೇಲಿನ ಸಾಲಿನ ಮೇಲೂ ಸವರಿ ನೋಡಿದಳು. ಅದು ಎಂದೋ ಒಣಗಿತ್ತು. ಮಾಸ್ತರರ ಕಡೆ ತಿರುಗಿದಳು. ಮಾಸ್ತರರು ಅಂಗಳದ ಫರಸಿಯನ್ನು ನೋಡುತ್ತಿದ್ದರು.

“ಐತೇನ?” ಎಂದಳು ತಾಯಿ.

ನಾಜಮೀನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. “ಐತಿ, ಅಮ್ಮೀ.”

ಹಾಳೆಗೆ ಕಟ್ಟು ಹಾಕಿಸಿದರು. ನಲವತ್ತು ಶಾಲೆಗಳ ಹಾಳೆಗಳಲ್ಲಿ ಒಂದೇ ಹೆಸರು ಉಳಿಯಿತು.